ಹೆಸರಿನ ಪಕ್ಕದ ಗುರುತು

ಧಡ್!

ಕಬ್ಬಿಣದ ತುಂಡು ಡ್ರಾಯಿಂಗ್ ಬೋರ್ಡಿನ ಮೇಲೆ ಬಿದ್ದ ರಭಸಕ್ಕೆ ಅವಳ ಕೈಯ ಪೆನ್ಸಿಲ್ಲು ಜಾರಿತು. ಬೆಳಗಿನಿಂದ ಉಸಿರು ಬಿಗಿಹಿಡಿದು ಎಳೆದಿದ್ದ ವೃತ್ತಕ್ಕೆ ಒಂದು ಬಾಲ ಮೂಡಿತು.

ಅವಳು ಮೊದಲು ಆ ಬಾಲವನ್ನು ನೋಡಿದಳು. ಆಮೇಲೆ ಕಬ್ಬಿಣದ ತುಂಡನ್ನು. ಆಮೇಲೆ ಅದನ್ನು ಇಟ್ಟ ಕೈಯನ್ನು. ಎಡಗೈ. ಗೆಣ್ಣುಗಳ ಸಂದಿಯಲ್ಲಿ ಮರದ ಹೊಟ್ಟು ಸೇರಿಕೊಂಡಿತ್ತು. ಮುಖ ನೋಡಿದ್ದು ಕೊನೆಗೆ.

"ಇದನ್ನ ಬರೆದವರು ಯಾರು?"

"ನಾನು."

ಅವನು ಒಂದು ಕ್ಷಣ ತಡವರಿಸಿದ. ಕನ್ನಡಕ ಹಾಕಿದ ಯಾರೋ ನಡುವಯಸ್ಸಿನ ಗಂಡಸಿಗೆಂದು ಮೆಟ್ಟಿಲು ಹತ್ತುತ್ತ ಜೋಡಿಸಿಕೊಂಡು ಬಂದಿದ್ದ ಬೈಗುಳ ಅದು. ಎದುರಿಗೆ ನಿಂತಿದ್ದವಳೋ, ಬೋರ್ಡು ಎಟುಕಲಿ ಎಂದು ಹಳೆಯ ಕ್ಯಾಟಲಾಗುಗಳ ರಾಶಿಯ ಮೇಲೆ ಹತ್ತಿ ನಿಂತ, ತುರುಬಿಗೆ ಇನ್ನೊಂದು ಪೆನ್ಸಿಲ್ಲು ಸಿಕ್ಕಿಸಿಕೊಂಡ ಕುಳ್ಳಗಿನ ಹೆಣ್ಣು! ಬೈಗುಳದ ಅರ್ಧವನ್ನು ಅವನು ನುಂಗಿಕೊಂಡ. ಉಳಿದರ್ಧ ನಿಲ್ಲಲಿಲ್ಲ.

"ಹಾಗಾದ್ರೆ ನಿಮಗೇ ಹೇಳ್ತೀನಿ. ನಿಮ್ಮ ಚಿತ್ರ ತಪ್ಪು. ನಲವತ್ತು ತುಂಡು ಎರಕ ಹೊಯ್ದಾಯ್ತು. ನಲವತ್ತೂ ಉಲ್ಟಾ."

ಅವಳು ತುಂಡನ್ನು ಎತ್ತಿ ತಿರುಗಿಸಿದಳು. ಯಂತ್ರದ ಒಂದು ತೋಳು ಅದು. ಮೇಲಂಚಿನಲ್ಲಿ ಸಣ್ಣ ಕಿವಿ, ನಡುವೆ ನಯವಾದ ಬಾಗು. ಬಾಗು ಮುಂದಕ್ಕೆ ಬರಬೇಕಿತ್ತು, ಹಿಂದಕ್ಕೆ ಹೋಗಿತ್ತು. ಬಲಗೈಗೆ ಹೊಲಿಸಿದ ಕೈಗವಸು ಎಡಗೈಗೆ ತಯಾರಾಗಿ ಬಂದ ಹಾಗೆ. ಹೇಗೆ ತಿರುಗಿಸಿದರೂ, ಎಷ್ಟು ತಿಕ್ಕಿದರೂ ಯಂತ್ರಕ್ಕೆ ಕೂರುವುದಿಲ್ಲ.

ತುಂಡನ್ನು ಮೆಲ್ಲಗೆ ಕೆಳಗಿಟ್ಟಳು. ಆದರೆ ಅವಳು ಗದ್ದ ಇಳಿಸಲಿಲ್ಲ.

"ಚಿತ್ರ ಸರಿ ಇದೆ. ನೀವು ಓದಿದ್ದು ತಪ್ಪು. ಮೂಲೆಯಲ್ಲಿ ಬಕೆಟ್ ಗುರುತು ನೋಡಿದ್ರಾ?"

"ಗುರುತು ಇರಲಿಲ್ಲ."

"ಅದನ್ನ ಹಾಕದೆ ನಾನು ಹಾಳೆ ಕೆಳಗೆ ಕಳಿಸೋದೇ ಇಲ್ಲ."

"ಹಾಗಾದ್ರೆ ದಾರಿಯಲ್ಲಿ ಹಾರಿಹೋಗಿರಬೇಕು. ರೆಕ್ಕೆ ಇತ್ತಾ ಅದಕ್ಕೆ?"

*ಎಷ್ಟು ಸೊಕ್ಕು ಇವನಿಗೆ...* ಅವಳ ಕಿವಿ ಬಿಸಿಯಾಯಿತು.

ಈ ಬಕೆಟ್ ಗುರುತಿನ ಸಂಗತಿ ಇಷ್ಟೇ. ವಸ್ತುವೊಂದನ್ನು ಹಾಳೆಯ ಮೇಲೆ ಇಳಿಸುವಾಗ ಮುಂದಿನಿಂದ ಕಂಡದ್ದು, ಮೇಲಿನಿಂದ ಕಂಡದ್ದು, ಪಕ್ಕದಿಂದ ಕಂಡದ್ದು ಎಂದು ಬೇರೆ ಬೇರೆ ನೋಟಗಳನ್ನು ಬರೆಯುತ್ತಾರೆ. ಯಾವ ನೋಟ ಹಾಳೆಯ ಯಾವ ಕಡೆ ಬರಬೇಕು ಎನ್ನುವುದಕ್ಕೆ ಲೋಕದಲ್ಲಿ ಎರಡು ಪದ್ಧತಿ. ಒಂದು ಮೊದಲನೇ ಕೋನ, ಇನ್ನೊಂದು ಮೂರನೇ ಕೋನ. ಒಂದನ್ನು ಇನ್ನೊಂದೆಂದು ಓದಿದರೆ ವಸ್ತು ಕನ್ನಡಿಯೊಳಗಿನ ವಸ್ತುವಾಗಿಬಿಡುತ್ತದೆ. ಹಾಗಾಗದಿರಲಿ ಎಂದು, ಬರೆದವರ ಹೆಸರಿನ ಪಕ್ಕದಲ್ಲಿ ಅಡ್ಡ ಮಲಗಿಸಿದ ಬಕೆಟ್ಟಿನಂಥ ಆಕಾರ, ಅದರ ಪಕ್ಕ ಒಂದರೊಳಗೊಂದು ಎರಡು ವೃತ್ತ ಹಾಕುತ್ತಾರೆ. ವೃತ್ತಗಳು ಬಕೆಟ್ಟಿನ ಯಾವ ಕಡೆಗಿವೆ ಎಂದು ನೋಡಿದರೆ ಪದ್ಧತಿ ಯಾವುದೆಂದು ತಿಳಿಯುತ್ತದೆ. ಕಡಲೆ ಕಾಳಿನಷ್ಟು ಗುರುತು, ನಲವತ್ತು ತುಂಡಿನ ಹಣೆಬರಹ.

ಅಷ್ಟರಲ್ಲಿ ಒಳಗಿನ ಕೋಣೆಯಿಂದ ಚಿಕ್ಕಪ್ಪ ಬಂದರು. ಡ್ರಾಯಿಂಗ್ ವಿಭಾಗದ ಮುಖ್ಯಸ್ಥರು ಅವರೇ. ಅವಳ ತಂದೆ ತೀರಿಕೊಂಡ ಮೇಲೆ ಸಾಕಿ ಬೆಳೆಸಿದವರೂ ಅವರೇ. ಬಂದವನ ಹೆಗಲ ಮೇಲೆ ಕೈಯಿಟ್ಟು, ಎಲ್ಲ ವಿಚಾರಿಸೋಣ, ಕೆಳಗೆ ಹೋಗಿ ಕೆಲಸ ನೋಡಪ್ಪ ಎಂದು ಮೆಲ್ಲಗೆ ಕಳಿಸಿಬಿಟ್ಟರು. ಅವನು ಎರಕಕ್ಕೆ ಬೇಕಾದ ಮರದ ಅಚ್ಚು ಕೆತ್ತುವವನೆಂದೂ, ಬಂದು ಮೂರೇ ತಿಂಗಳಾಗಿದೆಯೆಂದೂ, ಕೆಲಸ ಇನ್ನೂ ಕಾಯಂ ಆಗಿಲ್ಲವೆಂದೂ, ಕೆಳಗಿನವರೆಲ್ಲ ಅವನನ್ನು ಎಡಚ ಎಂದು ಕರೆಯುತ್ತಾರೆಂದೂ ಅವಳಿಗೆ ಗೊತ್ತಾದದ್ದು ಆಮೇಲೆ.

ಮಧ್ಯಾಹ್ನ ಚಿಕ್ಕಪ್ಪ ಅವಳ ಮುಂದೆ ಒಂದು ಬಿಳಿ ಹಾಳೆ ಇಟ್ಟರು.

ನಾಳೆ ಹತ್ತು ಗಂಟೆಗೆ ಕಾರ್ಖಾನೆಯ ಯಜಮಾನಿ ಬರುತ್ತಾರೆ, ಅಷ್ಟರೊಳಗೆ ಅವರ ಮೇಜಿನ ಮೇಲೆ ಒಬ್ಬರ ತಪ್ಪೊಪ್ಪಿಗೆ ಇರಬೇಕು ಎಂದರು. ಆ ಹುಡುಗ ಬರೆದರೆ ಅವನ ಕೆಲಸ ಹೋಗುತ್ತದೆ. ನೀನು ಬರೆದರೆ ಒಂದು ವರ್ಷ ಬರೀ ನಕಲು ಮಾಡುವ ಕೆಲಸ, ಅಷ್ಟೇ. ಮಿಕ್ಕಿದ್ದು ನಾನು ನೋಡಿಕೊಳ್ಳುತ್ತೇನೆ, ಎಷ್ಟಾದರೂ ಮನೆಯವಳಲ್ಲವೇ ಎಂದರು.

ಒಂದು ವರ್ಷ ನಕಲು! ಆರು ವರ್ಷದಿಂದ ಅವಳು ಒಂದಕ್ಕಾಗಿಯೇ ಕಾಯುತ್ತಿದ್ದಳು. ಯಾರೂ ತಿದ್ದದೆ, ಯಾರ ಅಪ್ಪಣೆಯೂ ಬೇಡದೆ, ತನ್ನ ಸಹಿಯೊಂದರಿಂದಲೇ ಚಿತ್ರ ಕೆಳಗಿಳಿಯುವ ಅಧಿಕಾರಕ್ಕೆ. ಮುಂದಿನ ತಿಂಗಳು ಅದು ಸಿಗಬೇಕಿತ್ತು.

"ನಾನು ಬರೆಯಲ್ಲ, ಚಿಕ್ಕಪ್ಪ."

"ಹಟ ಮಾಡಬೇಡ ಪುಟ್ಟಿ."

"ಹಟ ಅಲ್ಲ ಇದು. ಮಾಡದ ತಪ್ಪಿಗೆ ನನ್ನ ಕೈಯಿಂದ ಅಕ್ಷರ ಮೂಡಲ್ಲ."

ಚಿಕ್ಕಪ್ಪ ಅವಳ ಕಣ್ಣು ತಪ್ಪಿಸಿ ಕಿಟಕಿ ಕಡೆ ನೋಡಿದರು. ಅದು ಅವಳಿಗೆ ವಿಚಿತ್ರವೆನಿಸಿತು. ಒಂಬತ್ತು ವರ್ಷದವಳಿದ್ದಾಗ ಸೋಪಿನ ಡಬ್ಬಿಯೊಂದನ್ನು ಬಿಚ್ಚಿ ಹರಡಿ, ನೋಡು ಪುಟ್ಟಿ, ಒಂದೇ ಕಡೆಯಿಂದ ನೋಡಿದರೆ ಡಬ್ಬಿಯೂ ಸುಳ್ಳು ಹೇಳುತ್ತೆ ಅಂತ ಕಲಿಸಿದ ಮನುಷ್ಯ ಇವರು. ಇವತ್ತು ಒಂದೇ ಕಡೆ ನೋಡುತ್ತ ಕುಳಿತಿದ್ದಾರಲ್ಲ...

ಕೆಳಗೆ ಧೂಳು, ಹೊಗೆ, ಗಂಡಸರ ಬಾಯಿ, ನಿನಗೇಕೆ ಅಲ್ಲಿ ಎಂದು ಅವರು ಆರು ವರ್ಷದಲ್ಲಿ ಒಮ್ಮೆಯೂ ಅವಳನ್ನು ಕಾರ್ಖಾನೆಗೆ ಇಳಿಯಲು ಬಿಟ್ಟಿರಲಿಲ್ಲ. ಅವಳು ಸೆರಗು ಬಿಗಿದುಕೊಂಡು ಎದ್ದಳು. ಕೇಳುವ ಗೋಜಿಗೇ ಹೋಗಲಿಲ್ಲ. ಹತ್ತೊಂಬತ್ತು ಮೆಟ್ಟಿಲು. ಆರು ವರ್ಷ ಅವಳಿಗೂ ಅವಳ ಚಿತ್ರಗಳಿಗೂ ನಡುವೆ ಇದ್ದದ್ದು ಅಷ್ಟೇ.

ಕೆಳಗೆ ಕಾಲಿಟ್ಟಾಗ ಅರಗಳ ಸದ್ದು ಒಂದೊಂದಾಗಿ ನಿಂತಿತು. ಮುದುಕ ಫಿಟ್ಟರ್ ಒಬ್ಬ ಕನ್ನಡಕ ಹಣೆಗೇರಿಸಿ, "ಓಹೋ, ಮೇಲ್ಮನೆ ಇಳಿದು ಬಂತು!" ಎಂದ. ಮೇಲಿನ ಡ್ರಾಯಿಂಗ್ ಕೋಣೆಗೆ ಅವರಿಟ್ಟ ಹೆಸರು ಅದು. ಎಲ್ಲರೂ ನಕ್ಕರು. ಎಡಚ ಕೆತ್ತಿದರೆ ಎಡವಟ್ಟು ಆಗದೆ ಇನ್ನೇನು ಎಂದು ಬೆಳಗಿನಿಂದ ಅವನ ಕಾಲೆಳೆದು ಸಾಕಾಗಿತ್ತು ಅವರಿಗೆ. ಈಗ ಹೊಸ ಸರಕು ಸಿಕ್ಕಿತ್ತು.

ಅವಳು ಯಾರಿಗೂ ಉತ್ತರಿಸದೆ ನೇರವಾಗಿ ಅವನ ಮೇಜಿನ ಹತ್ತಿರ ಹೋದಳು.

"ಹಾಳೆ ತೋರಿಸಿ."

"ಕ್ಷಮೆ ಕೇಳೋಕೆ ಬಂದ್ರೇನೋ ಅಂದ್ಕೊಂಡೆ."

"ಕ್ಷಮೆ ಯಾರು ಕೇಳಬೇಕು ಅಂತ ಹಾಳೆ ಹೇಳುತ್ತೆ."

ಅವನು ಗೋಡೆಗೆ ಸಿಕ್ಕಿಸಿದ್ದ ಹಾಳೆಯನ್ನು ತೆಗೆದು ಹರಡಿದ. ಅವಳದೇ ಗೆರೆಗಳು. ಮೇಲೆ ಮುಂದಿನ ನೋಟ, ಅದರ ಕೆಳಗೆ ಮೇಲಿನಿಂದ ಕಂಡ ನೋಟ. ಅವಳ ಕಣ್ಣು ಬಲಗಡೆಯ ಮೂಲೆಗೆ ಓಡಿತು.

ಅಲ್ಲಿ ಅವಳ ಹೆಸರಿರಲಿಲ್ಲ.

ಹೆಸರಿನ ಜಾಗದಲ್ಲಿ ಕೋಳಿ ಕೆದರಿದಂಥ ಒಂದು ಸಹಿ. ಬೇರೆ ಯಾರಿಗೂ ಓದಲು ಬಾರದ, ಅವಳ ಶಾಲೆಯ ಪ್ರಗತಿಪತ್ರಗಳ ಮೇಲೆಲ್ಲ ಇದ್ದ ಅದೇ ಸಹಿ. ಚಿಕ್ಕಪ್ಪನದು. ಅದರ ಸುತ್ತ, ನಕಲು ಯಂತ್ರ ಹಿಡಿದುಬಿಟ್ಟ ಒಂದು ಮಬ್ಬು ಚೌಕ. ಅವಳ ಮೂಲ ಚಿತ್ರದ ಮೂಲೆಗೆ ಯಾರೋ ಚೀಟಿ ಅಂಟಿಸಿ ನಕಲು ತೆಗೆದಿದ್ದರು. ಚೀಟಿಯ ಅಡಿಯಲ್ಲಿ ಅವಳ ಹೆಸರು ಹೋಗಿತ್ತು. ಹೆಸರಿನ ಪಕ್ಕದಲ್ಲೇ ಇದ್ದ ಬಕೆಟ್ ಗುರುತೂ ಜೊತೆಗೇ ಹೋಗಿತ್ತು!

ಗೋಡೆಯ ಮೇಲಿದ್ದ ಬೇರೆ ಹಾಳೆಗಳನ್ನು ನೋಡಿದಳು. ಅದೇ ಮಬ್ಬು ಚೌಕ. ಇನ್ನೊಂದು. ಅದರಲ್ಲೂ. ಆರು ವರ್ಷದ ಹಾಳೆಗಳು. ಹಳಬರಿಗೆ ಈ ಕಾರ್ಖಾನೆಯ ಪದ್ಧತಿ ರೂಢಿಯಾಗಿತ್ತು, ಗುರುತು ಇಲ್ಲದಿದ್ದರೂ ಕೈ ತಾನಾಗಿ ಸರಿ ಓದುತ್ತಿತ್ತು. ಹೊಸಬನೊಬ್ಬ ಬರುವವರೆಗೆ ಯಾರಿಗೂ ಏನೂ ತಿಳಿಯಲಿಲ್ಲ.

ಅವಳು ಮೇಜಿನ ಅಂಚು ಹಿಡಿದುಕೊಂಡಳು. ಅವನು ಕಾಲಿನಿಂದಲೇ ಒಂದು ಸ್ಟೂಲು ಸರಿಸಿದ. ಅವಳು ಕೂರಲಿಲ್ಲ.

"ನೀವು ಸುಳ್ಳು ಹೇಳಿರಲಿಲ್ಲ," ಎಂದಳು.

"ನೀವೂ ಹೇಳಿರಲಿಲ್ಲ," ಎಂದ ಅವನು, ಮಬ್ಬು ಚೌಕದ ಮೇಲೆ ಹೆಬ್ಬೆರಳು ಸವರುತ್ತ. ಸೊಕ್ಕೆಲ್ಲ ಎಲ್ಲಿ ಹೋಯಿತೋ, ದನಿ ಮೆತ್ತಗಾಗಿತ್ತು. "ಆದ್ರೂ ಒಂದು ಅರ್ಥ ಆಗಲಿಲ್ಲ. ನಾನು ಮೊದಲಿದ್ದ ಕಡೆ ಕೆಳಗಿನ ಚಿತ್ರ ಅಂದ್ರೆ ಕೆಳಗಿನಿಂದ ಕಂಡದ್ದು. ನಿಮ್ಮಲ್ಲಿ ಮೇಲಿನಿಂದ ಕಂಡದ್ದನ್ನ ಯಾಕೆ ಕೆಳಗೆ ಬರೀತೀರಿ? ಇದೆಂಥ ತಲೆಕೆಳಗು ಬುದ್ಧಿ?"

ಅಳು ಬರಬೇಕಾದ ಹೊತ್ತಿನಲ್ಲಿ ಅವಳಿಗೆ ನಗು ಬಂತು. ಅವನ ಕಾಫಿ ಲೋಟವನ್ನು ಎಳೆದುಕೊಂಡು ಗೋಡೆಯ ಪಕ್ಕ ಇಟ್ಟಳು. ನೀವು ದೀಪ, ಇದು ವಸ್ತು ಎಂದಳು. ದೀಪದ ಎದುರಿಗೆ ವಸ್ತು, ವಸ್ತುವಿನ ಆಚೆ ಗೋಡೆ. ಮುಂದಿನಿಂದ ಬೆಳಕು ಬಿಟ್ಟರೆ ನೆರಳು ಹಿಂದಿನ ಗೋಡೆಗೆ. ಮೇಲಿನಿಂದ ಬಿಟ್ಟರೆ ನೆಲಕ್ಕೆ. ಗೋಡೆ ಮತ್ತು ನೆಲವನ್ನು ಬಿಚ್ಚಿ ಚಪ್ಪಟೆ ಹರಡಿ, ನೆಲ ಎಲ್ಲಿ ಬರುತ್ತೆ ಹೇಳಿ?

"ಗೋಡೆಯ ಕೆಳಗೆ," ಎಂದ ಅವನು ನಿಧಾನವಾಗಿ.

ಅದೇ ಮೊದಲನೇ ಕೋನ ಎಂದಳು. ನಿಮ್ಮದರಲ್ಲಿ ವಸ್ತು ಗಾಜಿನ ಪೆಟ್ಟಿಗೆಯೊಳಗಿದೆ, ಕಣ್ಣಿಗೂ ವಸ್ತುವಿಗೂ ನಡುವೆ ಗಾಜು. ಮೇಲಿನಿಂದ ಕಂಡದ್ದು ಮುಚ್ಚಳದ ಮೇಲೇ ಮೂಡುತ್ತೆ, ಮುಚ್ಚಳ ತೆರೆದರೆ ಅದು ಮೇಲೆ. ಎರಡೂ ಸರಿ. ಯಾವುದೆಂದು ಹೇಳದೇ ಇರುವುದಷ್ಟೇ ತಪ್ಪು.

ಅವನು ಲೋಟವನ್ನೂ ಗೋಡೆಯನ್ನೂ ಅವಳನ್ನೂ ನೋಡಿದ. ತೋಳಿನ ಅಂಚೆಲ್ಲ ದುಂಡಗಿದ್ದುದರಿಂದ ಮುಂದಿನ ನೋಟದಲ್ಲಿ ತಪ್ಪು ಓದುತ್ತಿದ್ದೇನೆಂದು ಎಚ್ಚರಿಸುವ ಒಂದು ಗೆರೆಯೂ ಇರಲಿಲ್ಲವೆಂದು ತಾನೇ ಕಂಡುಕೊಂಡ. ಅದಕ್ಕೆ ಮೊದಲು ಅವನ ಕೈಗೆ ಬಂದಿದ್ದ ತುಂಡುಗಳೆಲ್ಲ ಎರಡೂ ಕಡೆ ಒಂದೇ ತೆರನಾದವು, ಹೇಗೆ ಓದಿದರೂ ತಪ್ಪಾಗುತ್ತಿರಲಿಲ್ಲ. ಇಷ್ಟು ಚೆನ್ನಾಗಿ ಯಾರೂ ಹೇಳಿಕೊಟ್ಟಿರಲಿಲ್ಲ ಎಂದ. ಸಂಜೆ ಗಂಟೆ ಹೊಡೆಯುವವರೆಗೆ ಅವಳು ಅಲ್ಲೇ ಇದ್ದಳು. ಕಾಫಿ ಆರಿ ತಣ್ಣಗಾದದ್ದು ಇಬ್ಬರಿಗೂ ಗೊತ್ತಾಗಲಿಲ್ಲ.

*ಇವನು ಪ್ರಶ್ನೆ ಕೇಳ್ತಾನೆ. ಉತ್ತರ ಕೇಳಿಸಿಕೊಳ್ತಾನೆ ಕೂಡ...* ಮನೆಯ ದಾರಿಯುದ್ದಕ್ಕೂ ಅವಳಿಗೆ ಇದೇ ಯೋಚನೆ. ಮರುಕ್ಷಣ ಆ ಚೀಟಿ ನೆನಪಾಗುತ್ತಿತ್ತು.

ಸಂಜೆ ಮೇಲೆ ಹೋಗುತ್ತ ಅವನಿಗೆ ಒಂದು ಮಾತು ಹೇಳಿದ್ದಳು. ಆ ಸಹಿ ನನ್ನನ್ನು ಸಾಕಿದ ಚಿಕ್ಕಪ್ಪನದು, ನಾಳೆ ಹೇಗೆ ಬಾಯಿ ಬಿಡುವುದೋ ತಿಳಿಯದು ಎಂದು. ಹೇಳಬಾರದಿತ್ತು. ಏಕೆಂದರೆ ಮರುದಿನ ಬೆಳಿಗ್ಗೆ ಅವಳು ಬರುವಷ್ಟರಲ್ಲಿ ಯಜಮಾನಿಯ ಮೇಜಿನ ಮೇಲೆ ಒಂದು ಕಾಗದ ಬಂದು ಕೂತಿತ್ತು. ಎಡಗೈ ಬರಹ, ಎಲ್ಲ ಅಕ್ಷರಗಳೂ ಹಿಂದಕ್ಕೆ ಒರಗಿದ್ದವು. ಗುರುತು ಸರಿಯಾಗಿಯೇ ಇತ್ತು, ನಾನೇ ನೋಡದೆ ಕೆತ್ತಿದೆ, ತಪ್ಪು ನನ್ನದೇ.

ಅವಳು ಅವನನ್ನು ಮೆಟ್ಟಿಲ ಬುಡದಲ್ಲಿ ಹಿಡಿದಳು.

"ಯಾರು ಕೇಳಿದ್ದು ನಿಮ್ಮನ್ನ?"

"ಒಂದೇ ಮನೇಲಿ ಇರಬೇಕಾದವರು ನೀವು. ನಾನಾದ್ರೆ ಉಳಿ ಸುತ್ಕೊಂಡು ಇನ್ನೊಂದು ಕಾರ್ಖಾನೆಗೆ ಹೋಗ್ತೀನಿ."

"ದೊಡ್ಡ ತ್ಯಾಗಿ! ಗುರುತು ಇತ್ತು ಅಂತ ಬರೆದಿದ್ದೀರಲ್ಲ, ಹಾಗಂದ್ರೆ ಚೀಟಿಯೇ ಇರಲಿಲ್ಲ ಅಂತ ಅರ್ಥ. ಆರು ವರ್ಷ ಅವರು ನನ್ನ ಹೆಸರು ಮುಚ್ಚಿದ್ರು. ಇವತ್ತು ನೀವು ಮುಚ್ಚಿದ್ರಿ. ಅವರು ಅಂಟಿನಿಂದ, ನೀವು ಒಳ್ಳೇತನದಿಂದ. ಏನು ವ್ಯತ್ಯಾಸ ಹೇಳಿ?"

ಅವನು ಪಕ್ಕಕ್ಕೆ ಸರಿದು ಮೆಟ್ಟಿಲಿಗೆ ದಾರಿ ಬಿಟ್ಟ.

"ನನ್ನ ಪಕ್ಕ ನಿಲ್ಲೋ ಹಾಗಿದ್ರೆ ಬನ್ನಿ," ಎಂದಳು. "ನನ್ನ ಮುಂದೆ ಅಡ್ಡ ನಿಲ್ಲಬೇಡಿ."

ಹತ್ತು ಗಂಟೆಗೆ ಯಜಮಾನಿಯ ಕೋಣೆಯಲ್ಲಿ ಚಿಕ್ಕಪ್ಪ ಆಗಲೇ ಕುಳಿತಿದ್ದರು. ಯಜಮಾನಿ ಕಾಗದ ಓದಿ, ವಿಷಯ ಮುಗಿದ ಹಾಗೇ ಅಲ್ಲವೇ ಎಂದು ಪೆನ್ನಿನ ಮುಚ್ಚಳ ತೆಗೆಯುತ್ತಿದ್ದರು. ಅವಳು ಬಾಗಿಲು ತಟ್ಟದೆ ಒಳಗೆ ಹೋದಳು. ಕಂಕುಳಲ್ಲಿ ಚಿಕ್ಕಪ್ಪನ ಕೋಣೆಯ ಕಪಾಟಿನಿಂದ ತೆಗೆದ ಸುರುಳಿ. ಹಿಂದೆಯೇ ಎಡಚ.

ಅವಳು ಸುರುಳಿ ಬಿಚ್ಚಿ, ಮೂಲ ಚಿತ್ರವನ್ನು ಬಿಸಿಲು ಬೀಳುವ ಕಿಟಕಿಯ ಗಾಜಿಗೆ ಒತ್ತಿ ಹಿಡಿದಳು. ಮೇಲಿನ ಮೂಲೆ ಅವಳಿಗೆ ಎಟುಕಲಿಲ್ಲ. ಅವನು ಪಕ್ಕದಲ್ಲಿ ನಿಂತು ಎಡಗೈ ಎತ್ತಿ ಅದನ್ನು ಒತ್ತಿಹಿಡಿದ.

ಬಿಸಿಲು ಹಾಳೆಯನ್ನು ಹಾದು ಬಂತು. ಕೆಳಗಿನ ಮೂಲೆಯಲ್ಲಿ ಚೀಟಿಯ ಮೇಲಿನ ಸಹಿಯ ಹಿಂದೆ, ನೀರಿನಡಿಯ ಕಲ್ಲಿನಂತೆ, ಅವಳ ಹೆಸರು ಕಂಡಿತು. ಅದರ ಪಕ್ಕದಲ್ಲಿ ಬಕೆಟ್ಟು, ಎರಡು ವೃತ್ತ.

ಯಜಮಾನಿ ಪೆನ್ನಿಗೆ ಮತ್ತೆ ಮುಚ್ಚಳ ಹಾಕಿದರು.

"ಆ ಕಾಗದ ಸುಳ್ಳು," ಎಂದ ಎಡಚ. "ನಾನು ಬರೆದದ್ದೇ. ಆದ್ರೂ ಸುಳ್ಳು. ವಾಪಸ್ ಕೊಡಿ."

ಯಜಮಾನಿ ಚಿಕ್ಕಪ್ಪನ ಕಡೆ ತಿರುಗಿದರು. ಅವರು ಕನ್ನಡಕ ತೆಗೆದು ಒರೆಸುತ್ತಲೇ ಎಲ್ಲ ಹೇಳಿದರು. ಅವಳ ಹೆಸರಿದ್ದ ಮೊಟ್ಟಮೊದಲ ಹಾಳೆಯನ್ನು ಕೆಳಗಿನವರು ಓದದೆಯೇ ವಾಪಸ್ ಕಳಿಸಿದ್ದರಂತೆ, ಹುಡುಗಿ ಬರೆದದ್ದನ್ನು ನಂಬುವುದು ಹೇಗೆ ಎಂದು. ಅವಳಿಗೆ ನೋವಾಗುತ್ತದೆಂದು ಹೇಳಲಿಲ್ಲವಂತೆ. ತನ್ನ ಸಹಿಯ ಚೀಟಿ ಅಂಟಿಸಿ ಕಳಿಸಿದರೆ ಅದೇ ಹಾಳೆ ಸಲೀಸಾಗಿ ಹೋಯಿತಂತೆ. ಆಮೇಲೆ ಅದೇ ಅಭ್ಯಾಸವಾಯಿತಂತೆ.

"ನಿನ್ನ ಒಳ್ಳೇದಕ್ಕೇ ಪುಟ್ಟಿ..."

"ಗೊತ್ತು ಚಿಕ್ಕಪ್ಪ. ಆದ್ರೆ ನಿನ್ನೆ ಬಿಳಿ ಹಾಳೆ ಇಟ್ರಲ್ಲ, ಅದು ಯಾರ ಒಳ್ಳೇದಕ್ಕೆ?"

ಅವರು ತಲೆ ಬಗ್ಗಿಸಿದರು. ಸೋಪಿನ ಡಬ್ಬಿ ಬಿಚ್ಚಿದ್ದ ಬೆರಳುಗಳು ಕನ್ನಡಕದ ಕಾಲನ್ನು ಮಡಚಿ ಬಿಚ್ಚಿ ಮಾಡುತ್ತಿದ್ದವು. ಆದರೂ ಅವಳು ಹಾಳೆಯನ್ನು ಕಿಟಕಿಯಿಂದ ಇಳಿಸಲಿಲ್ಲ. ಯಜಮಾನಿ ಎದ್ದು ಬಂದು ಉಗುರಿನ ತುದಿಯಿಂದ ಚೀಟಿಯ ಅಂಚು ಎಬ್ಬಿಸಿ, ಪರ್ರ್ ಎಂದು ಕಿತ್ತರು.

ಅಂದಿನಿಂದ ಬರೆದವರ ಹೆಸರೇ ಕೆಳಗೆ ಹೋಗಬೇಕು ಎಂದು ಆಯಿತು. ಎಡಚನ ಕೆಲಸ ಉಳಿಯಿತು. ನಲವತ್ತು ತುಂಡು ಮತ್ತೆ ಕುಲುಮೆಗೆ ಹೋಯಿತು. ಚಿಕ್ಕಪ್ಪನಿಗೆ ಕಟುವಾದ ಎರಡು ಮಾತು ಸಿಕ್ಕಿತು, ಕುರ್ಚಿ ಉಳಿಯಿತು. ಮನೆಯಲ್ಲಿ ಮೂರು ದಿನ ಊಟದ ತಟ್ಟೆಯ ಸದ್ದು ಬಿಟ್ಟರೆ ಮಾತಿಲ್ಲ. ನಾಲ್ಕನೇ ದಿನ ಚಿಕ್ಕಮ್ಮ ಗಂಡನ ತಟ್ಟೆಗೆ ಬಡಿಸುತ್ತ, "ಹೆಣ್ಣು ಮಗು ಕೈಗೆ ಪೆನ್ಸಿಲ್ ಕೊಟ್ಟವರು ನೀವೇ. ಈಗ ಗೆರೆ ನೆಟ್ಟಗಿದೆ ಅಂತ ಕೋಪ ಮಾಡ್ಕೊಂಡ್ರೆ ಹೇಗೆ?" ಎಂದರು. ಚಿಕ್ಕಪ್ಪ ಅವಳ ಕಡೆಗೆ ಉಪ್ಪಿನ ಬಟ್ಟಲು ಸರಿಸಿದರು. ಆ ದಿನಕ್ಕೆ ಅಷ್ಟು ಸಾಕಾಗಿತ್ತು.

ಹತ್ತು ದಿನದ ಮೇಲೆ ಒಂದು ಬೆಳಿಗ್ಗೆ ಅವಳು ಬಂದಾಗ ಕ್ಯಾಟಲಾಗುಗಳ ರಾಶಿ ಗೋಡೆಯ ಪಕ್ಕಕ್ಕೆ ಸರಿದಿತ್ತು. ಅದರ ಜಾಗದಲ್ಲಿ ಮರದ ಒಂದು ಮೆಟ್ಟುಮಣೆ. ಅಂಚುಗಳನ್ನು ದುಂಡಗೆ ಉಜ್ಜಲಾಗಿತ್ತು. ಹತ್ತಿ ನಿಂತಳು. ಬೋರ್ಡಿನ ಮೇಲಂಚು ಸರಿಯಾಗಿ ಅವಳ ಕೈಗೆ ಬಂತು.

ಬಾಗಿಲಲ್ಲಿ ಅವನು ನಿಂತಿದ್ದ.

"ಅಳತೆ ಯಾರು ಕೊಟ್ರು?"

"ಯಾರೂ ಇಲ್ಲ. ಮೂರು ತಿಂಗಳು ನಿಮ್ಮ ಕೋಣೆಯ ಕೆಳಗೇ ಕೆಲಸ ಮಾಡ್ತಿದ್ದೆ. ಗಂಟೆಗೊಂದು ಸಲ ಪುಸ್ತಕ ಜಾರೋದು, ಧಡ್ ಅಂತ ಒಂದು ಸದ್ದು. ಮೇಲ್ಮನೆ ಬಿತ್ತು ಅಂತ ಎಲ್ಲರೂ ನಗೋರು. ನಾನು ಮಾತ್ರ, ಪೆಟ್ಟಾಯ್ತೇನೋ ಅಂತ..." ಅವನು ಹೊಟ್ಟು ಮೆತ್ತಿದ ಕೈಯಿಂದ ಕುತ್ತಿಗೆ ಉಜ್ಜಿಕೊಂಡ. "ಆಮೇಲೆ ನಿಮ್ಮನ್ನ ಮುಂದಿನಿಂದ ನೋಡಿದೆ, ಜಗಳದಲ್ಲಿ. ಪಕ್ಕದಿಂದ ನೋಡಿದೆ, ಕಿಟಕಿ ಹತ್ತಿರ. ಎರಡು ನೋಟ ಸಾಕಾಯ್ತು."

"ಮೂರನೆಯದು?"

"ಅದಕ್ಕೆ ನಿಮ್ಮ ಅಪ್ಪಣೆ ಬೇಕು. ಜೊತೆಗೇ ಇದ್ದು ನೋಡೋಂಥದ್ದು ಅದು."

ಅವಳ ಮುಖಕ್ಕೆ ರಕ್ತ ನುಗ್ಗಿತು. ಇಲ್ಲಿ ನಾಚಿ ತಲೆ ತಗ್ಗಿಸಬೇಕೆಂದು ಯಾರೋ ಎಲ್ಲೋ ಬರೆದಿಟ್ಟಿರಬೇಕು. ಅವಳು ತಗ್ಗಿಸಲಿಲ್ಲ. ಬೋರ್ಡಿನ ಮೇಲೆ ಹೊಸ ಹಾಳೆ ಸಿಕ್ಕಿಸಿ ಬರೆಯತೊಡಗಿದಳು. ಒಂದು ಉದ್ದ ಬೆಂಚು. ಮುಂದಿನ ನೋಟ, ಅದರ ಕೆಳಗೆ ಮೇಲಿನ ನೋಟ, ಪಕ್ಕದ ನೋಟ. ಇಬ್ಬರು ಕೂರುವಷ್ಟು ಅಗಲ. ಅವನು ಬಾಗಿಲಿನಿಂದ ಬೋರ್ಡಿನ ಹತ್ತಿರ ಬಂದ. ಕೊನೆಗೆ ಮೂಲೆಯ ಚೌಕಕ್ಕೆ ತನ್ನ ಪೂರ್ತಿ ಹೆಸರು ಬರೆದು, ಹಾಳೆ ಕಿತ್ತು ಅವನ ಕೈಗಿಟ್ಟಳು.

"ಮದುವೆ ಆದ್ಮೇಲೂ ಈ ಹೆಸರೇ ಇರುತ್ತೆ. ಈ ಬೋರ್ಡೂ ಇರುತ್ತೆ. ಒಪ್ಪಿಗೆ ಇದ್ರೆ ಕೆತ್ತಿ. ಇಲ್ದಿದ್ರೆ ಹಾಳೆ ವಾಪಸ್ ಕೊಡಿ."

ಅವನು ಬೆಂಚನ್ನು ನೋಡಲಿಲ್ಲ. ಮೊದಲು ಮೂಲೆಯನ್ನೇ ನೋಡಿದ. ಹೆಸರನ್ನು ನಿಧಾನವಾಗಿ, ಒಂದೊಂದೇ ಅಕ್ಷರವಾಗಿ ಓದಿದ. ಆಮೇಲೆ ಹುಬ್ಬು ಗಂಟಿಕ್ಕಿದ.

"ಗುರುತು ಎಲ್ಲಿ?"

ಅವಳು ನಾಲಿಗೆ ಕಚ್ಚಿಕೊಂಡಳು. ಆರು ವರ್ಷದಲ್ಲಿ ಮೊದಲ ಸಲ ಮರೆತಿದ್ದಳು!

ಅವನು ತನ್ನ ಕಿವಿಯ ಹಿಂದಿನ ಪೆನ್ಸಿಲ್ಲು ತೆಗೆದು ಅವಳತ್ತ ಚಾಚಿದ.

"ಹಾಕಿ. ಈ ಸಲ ಉಲ್ಟಾ ಆಗಬಾರದು."

"ಓದೋದು ಕಲಿಸಿದ್ದೀನಲ್ಲ?"

"ಕಲಿಸಿದ್ದೀರಿ. ಆದ್ರೂ ನೀವು ಹಾಕೋದನ್ನ ನೋಡ್ಬೇಕು ನನಗೆ."

ಅವಳು ಮಣೆಯ ಮೇಲೆ ಸ್ವಲ್ಪ ಸರಿದು, ಅವನಿಗೂ ಕಾಣುವ ಹಾಗೆ ಹಾಳೆ ತಿರುಗಿಸಿ, ತನ್ನ ಹೆಸರಿನ ಪಕ್ಕದಲ್ಲಿ ಅಡ್ಡ ಮಲಗಿದ ಬಕೆಟ್ಟು, ಅದರ ಪಕ್ಕ ಒಂದರೊಳಗೊಂದು ಎರಡು ವೃತ್ತ ಬರೆದಳು.